ಕಾರ್ಕಳದ ಶೈಲಜಾ

ಅತ್ತಿಗೆ ಮೊನ್ನೆ ನನ್ನ ಸೀರೆಗಳನ್ನು ಮಡಚಿಡುತ್ತಾ ಒಂದು ಸಂಗತಿ ಪತ್ತೆ ಮಾಡಿದರು. "ಎಂತ ಜಲಜ, ನಿನ್ನ ಸೀರೆ ಎಲ್ಲ ಬಲಸೊಂಟದ ಹತ್ತಿರ ಮಾತ್ರ ಮಾಸಿದೆಯಲ್ಲ? ದಿನಾ ಹೋಗಿ ಯಾವ ಗೋಡೆಗೆ ಒರಗಿ ನಿಲ್ತೀ?"

ಗೋಡೆಯಲ್ಲ, ಅಂಗೈ. ಹೆದರಿಕೆಯಾದರೆ ನನ್ನ ಬಲ ಅಂಗೈ ಬೆವರುತ್ತದೆ, ಬೆವರನ್ನು ನಾನು ಸೊಂಟಕ್ಕೆ ಒರೆಸುತ್ತೇನೆ. ಬೇರೆಯವರಿಗೆ ಹೆದರಿಕೆ ಬಂದರೆ ಎದೆ ಹೊಡೆದುಕೊಳ್ಳುತ್ತದಂತೆ, ಬಾಯಿ ಒಣಗುತ್ತದಂತೆ. ನನ್ನ ಹೆದರಿಕೆಗೆ ಹಾಗೆ ಮೈಯೆಲ್ಲ ಸುತ್ತಾಡುವ ಅಭ್ಯಾಸವಿಲ್ಲ, ನೆಟ್ಟಗೆ ಅಂಗೈಗೆ ಬಂದು ಕೂರುತ್ತದೆ. ಮಧ್ಯಾಹ್ನದ ಹೊತ್ತಿನಲ್ಲಿ ಫೋನು ಬಡಿದುಕೊಂಡರೆ ಬರುತ್ತದೆ. ಮದುವೆಯ ಹಾಲಿನಲ್ಲಿ ಮೈಕು ಹಿಡಿದವರು ನಾನು ಕೂತ ಕಡೆ ತಿರುಗಿದರೆ ಬರುತ್ತದೆ. ಬಸ್ಸಿನಲ್ಲಿ ಕಂಡಕ್ಟರು ಇನ್ನೂ ನಾಲ್ಕು ಸೀಟು ಆಚೆ ಇರುವಾಗಲೇ, ಟಿಕೆಟು ಕೈಯಲ್ಲೇ ಇದ್ದರೂ ಬರುತ್ತದೆ. ಟಿಕೆಟು ಒದ್ದೆಯಾಗಿ ಹರಿದು, ಅದನ್ನು ಆತನಿಗೆ ತೋರಿಸಲಾಗದೆ ಇನ್ನಷ್ಟು ಬೆವರಿದ್ದೂ ಇದೆ.

ಅಣ್ಣನ ಮೊಮ್ಮಗಳು ಈಗ ಶಟಲ್ ಆಡುತ್ತಾಳೆ. ಅವಳ ಕೋಚು ಹೇಳಿಕೊಟ್ಟಿದ್ದಾರಂತೆ: ಕೋರ್ಟಿಗೆ ಇಳಿಯುವಾಗ ನೀನು ನೀನಲ್ಲ, ಬೇರೆ ಯಾರೋ ಎಂದುಕೊಳ್ಳಬೇಕು, ಆ ಬೇರೆ ಯಾರೋ ಯಾರಿಗೂ ಹೆದರುವುದಿಲ್ಲ ಎಂದುಕೊಳ್ಳಬೇಕು. ಅದಕ್ಕೆ ಇಂಗ್ಲಿಷಿನಲ್ಲಿ ದೊಡ್ಡ ಹೆಸರೂ ಇದೆಯಂತೆ. ಹುಡುಗಿ ತನ್ನೊಳಗಿನ ಆ ಇನ್ನೊಬ್ಬಳಿಗೆ ಹೆಸರಿಟ್ಟುಕೊಂಡಿದ್ದಾಳೆ. ಏನೆಂದು ಕೇಳಿದರೆ, "ಅದು ಸೀಕ್ರೆಟ್ ಅಜ್ಜಿ" ಎಂದಳು. ನಾನು ಮತ್ತೆ ಕೇಳಲಿಲ್ಲ. ಅಂಥ ಹೆಸರನ್ನು ಗುಟ್ಟಾಗಿಯೇ ಇಡಬೇಕೆಂದು ನನಗೆ ಗೊತ್ತು. ನನ್ನವಳ ಹೆಸರು ಶೈಲಜಾ. ಅವಳ ಊರು ಕಾರ್ಕಳ.

ನನ್ನ ಊರು ಕಾಪು. ಸಮುದ್ರದ ಸದ್ದು ಕೇಳಿಸದ ಕೋಣೆಯಲ್ಲಿ ಮಲಗಿದರೆ ಕಿವಿ ಕೆಟ್ಟಿತೇ ಎಂದು ಅನುಮಾನ ಪಡುವ ಜನ ನಾವು. ಅಣ್ಣ ಶೇಖರ ಮತ್ತು ಅವನ ಸ್ನೇಹಿತರು ದೀಪಸ್ತಂಭದಿಂದ ಸ್ವಲ್ಪ ಈಚೆಗೆ ಮರಳಿನಲ್ಲಿ ಎರಡು ಗಳ ಊರಿ, ಹಳೆಯ ಬಲೆಯ ತುಂಡೊಂದನ್ನು ಕಟ್ಟಿ ವಾಲಿಬಾಲ್ ಆಡುತ್ತಿದ್ದರು. ಆ ಬಲೆಗೆ ಎಷ್ಟು ಬಿಸಿಲು ತಾಗಿದರೂ ಮೀನಿನ ವಾಸನೆ ಹೋಗಿರಲಿಲ್ಲ. ಸ್ಮ್ಯಾಷ್ ಹೊಡೆಯಲು ಹಾರಿದವನಿಗೆ ಮೊದಲು ವಾಸನೆ ಹೊಡೆಯುತ್ತಿತ್ತು, ಆಮೇಲೆ ಅವನು ಬಾಲು ಹೊಡೆಯುತ್ತಿದ್ದ. ಒಬ್ಬ ಕಡಿಮೆ ಬಿದ್ದ ದಿನ ಅಣ್ಣ ಮನೆಯ ಕಡೆ ತಿರುಗಿ ಕೂಗುತ್ತಿದ್ದ. ನಾನು ಲಂಗ ಎತ್ತಿ ಕಟ್ಟಿ ಓಡುತ್ತಿದ್ದೆ. ಕಡಲಿನ ಗಾಳಿಗೆ ಎದುರಾಗಿ ಹೊಡೆದು ಹೊಡೆದು ನನ್ನ ಸರ್ವೀಸಿಗೆ ಒಂದು ವಕ್ರಬುದ್ಧಿ ಬಂದಿತ್ತು. ನೇರ ಹೋಗುವಂತೆ ಹೋಗಿ, ಕೊನೆಗೆ ಎಂತದೋ ನೆನಪಾದವರ ಹಾಗೆ ಪಕ್ಕಕ್ಕೆ ತಿರುಗುತ್ತಿತ್ತು. "ಇದು ಸರ್ವೀಸ್ ಅಲ್ಲ ಮಾರಾಯ್ತಿ, ಏಡಿ" ಎಂದು ಅಣ್ಣನ ಸ್ನೇಹಿತರು ಬೈಯುತ್ತಿದ್ದರು. ಆ ದಿನಗಳಲ್ಲಿ ನನ್ನ ಅಂಗೈ ಬೆವರಿದ್ದು ನೆನಪಿಲ್ಲ. ಮರಳಿನಲ್ಲಿ ಬೆವರು ಯಾವುದು, ಉಪ್ಪುನೀರು ಯಾವುದು ಎಂದು ಯಾರು ನೋಡುತ್ತಾರೆ!

ಹಾಗೆಂದು ಹೆದರಿಕೆ ನಮಗೆ ಹೊಸದೇನಲ್ಲ. ಅಪ್ಪ ಮಲ್ಪೆಯ ಬೋಟೊಂದರಲ್ಲಿ ಕೆಲಸಕ್ಕಿದ್ದರು. ಹೋದರೆ ಒಂದು ರಾತ್ರಿ, ಕೆಲವೊಮ್ಮೆ ಎರಡು ರಾತ್ರಿ ಕಳೆದು ಬರುವವರು. ಅವರು ಕಡಲಿನಲ್ಲಿರುವಷ್ಟು ಹೊತ್ತು ನಮ್ಮ ಮನೆಯಲ್ಲಿ ಹೆದರುವುದೆಂದರೆ ಪಾತ್ರೆ ತೊಳೆಯುವಷ್ಟೇ ಮಾಮೂಲು ಕೆಲಸ, ಅದನ್ನು ಮಾಡುವವಳು ಅಮ್ಮ. ಅಂಗಳಕ್ಕೆ ಹೋಗಿ ಪಡುವಣದ ಆಕಾಶ ನೋಡುವಳು. ಒಳಗೆ ಬಂದು ತೆಂಗಿನಕಾಯಿ ತುರಿಯುವಳು. ಹಗ್ಗದ ಮೇಲಿನ ಬಟ್ಟೆ ಯಾವ ಕಡೆಗೆ ಹಾರುತ್ತಿದೆ ಎಂದು ನೋಡುವಳು. ಒಳಗೆ ಬಂದು ಮಸಾಲೆ ಅರೆಯುವಳು. ಮುಖ ಮಾತ್ರ ಒಂದೇ ಥರ. ನಾನು ದೊಡ್ಡವಳಾಗುತ್ತಾ ಬಂದ ಹಾಗೆ ಆ ಆಕಾಶ ನೋಡುವ ಚಾಳಿ ನನಗೂ ಅಂಟಿತು. ಆದರೆ ಅಮ್ಮನ ಮುಖ ಅಂಟಲಿಲ್ಲ.

ಪದವಿಗೆಂದು ಉಡುಪಿಯ ಕಾಲೇಜಿಗೆ ಸೇರಿದೆ. ಎಪ್ಪತ್ತರ ದಶಕ ಮುಗಿಯುತ್ತಾ ಬಂದ ಕಾಲ ಅದು. ಬೆಳಿಗ್ಗೆ ಬಸ್ಸಿನಲ್ಲಿ ಹೋಗುವುದು, ಸಂಜೆ ಬಸ್ಸಿನಲ್ಲಿ ಬರುವುದು. ಹುಡುಗಿಯರ ವಾಲಿಬಾಲ್ ತಂಡಕ್ಕೆ ಜನ ಸಾಲದೆ, ಆಟ ಕಲಿಸುತ್ತಿದ್ದ ಲಲಿತಾ ಮೇಡಂ ಕ್ಲಾಸು ಕ್ಲಾಸಿಗೆ ಬಂದು ಕೇಳುತ್ತಿದ್ದರು. ನಾನು ಕೈ ಎತ್ತಿದೆ. ಪ್ರಾಕ್ಟೀಸಿನಲ್ಲಿ ನನ್ನ ಏಡಿ ಸರ್ವೀಸನ್ನು ನೋಡಿ ಮೇಡಂಗೆ ಖುಷಿಯೋ ಖುಷಿ. ಕ್ಯಾಪ್ಟನ್ ಹಿಲ್ಡಾ, ಕಲ್ಯಾಣಪುರದವಳು, ನನಗಿಂತ ಒಂದು ವರ್ಷ ದೊಡ್ಡವಳು, ನನ್ನ ಬೆನ್ನಿಗೆ ಬಡಿದ ಬಡಿತಕ್ಕೆ ನಾನು ಮುಂದೆ ಎರಡು ಹೆಜ್ಜೆ ಹೋಗಿ ನಿಂತಿದ್ದೆ.

ಮೊದಲ ಪಂದ್ಯದಲ್ಲೇ ಬಣ್ಣ ಬಯಲಾಯಿತು. ವಾಲಿಬಾಲ್ ಆಡದವರಿಗೆ ಇಲ್ಲಿ ಎರಡು ಮಾತು ಹೇಳಬೇಕು. ಎದುರಿನವರ ಕೈತಪ್ಪಿ ಸರ್ವೀಸ್ ಹೊಡೆಯುವ ಸರದಿ ನಮಗೆ ಬಂದಾಗಲೆಲ್ಲ ನಾವು ಆರೂ ಮಂದಿ ಒಂದೊಂದು ಜಾಗ ಸರಿಯಬೇಕು. ಸರಿದು ಸರಿದು ಹಿಂದಿನ ಬಲಮೂಲೆಗೆ ಯಾರು ಬರುತ್ತಾರೋ ಅವರೇ ಸರ್ವೀಸ್ ಹೊಡೆಯಬೇಕು. ಆಗಿನ ನಿಯಮದಲ್ಲಿ ಸರ್ವೀಸ್ ಕೈಯಲ್ಲಿದ್ದ ತಂಡಕ್ಕೆ ಮಾತ್ರ ಪಾಯಿಂಟು. ಬೇರೆ ಹೊತ್ತಿನಲ್ಲಿ ಆರು ಜನರ ನಡುವೆ ಹೇಗೋ ತಲೆ ತಪ್ಪಿಸಿಕೊಳ್ಳಬಹುದು. ಆ ಮೂಲೆಗೆ ಬಂದಾಗ ಮಾತ್ರ ನೀವು ಒಬ್ಬರೇ. ಬಾಲು ನಿಮ್ಮ ಕೈಯಲ್ಲಿ, ಎಲ್ಲರ ಕಣ್ಣೂ ನಿಮ್ಮ ಮೇಲೆ, ರೆಫ್ರಿಯ ಸೀಟಿ ನಿಮ್ಮೊಬ್ಬರಿಗಾಗಿ. ನಮ್ಮವರು ಒಂದೊಂದು ಸಲ ಸರ್ವೀಸ್ ಗೆದ್ದು ಚಪ್ಪಾಳೆ ತಟ್ಟುವಾಗಲೂ ನನ್ನ ಅಂಗೈ ಇನ್ನಷ್ಟು ಒದ್ದೆಯಾಗುತ್ತಿತ್ತು. ಒಂದು ಜಾಗ ಹತ್ತಿರ ಬಂದೆ. ಇನ್ನೊಂದು ಜಾಗ. ನಮ್ಮ ತಂಡ ಸರ್ವೀಸ್ ಗೆಲ್ಲದಿರಲಿ ಎಂದು ಒಳಗೊಳಗೇ ಹಾರೈಸುವ ಆಟಗಾರ್ತಿ ಇಡೀ ಜಿಲ್ಲೆಯಲ್ಲಿ ನಾನೊಬ್ಬಳೇ ಇದ್ದಿರಬೇಕು.

ಆ ದಿನ ನಾನು ಹೊಡೆದ ಮೊದಲ ಸರ್ವೀಸ್ ಬಲೆಗೆ ಬಿತ್ತು. ಎರಡನೆಯದು ಮುಂದೆ ನಿಂತಿದ್ದ ಹಿಲ್ಡಾಳ ಹಿಂದಲೆಗೆ ಬಡಿಯಿತು. ಮೂರನೆಯದು ಬೆವರಿದ ಕೈಯಿಂದ ಜಾರಿ ಎಲ್ಲಿಗೂ ಹೋಗಲಿಲ್ಲ, ನನ್ನ ಕಾಲಬುಡದಲ್ಲೇ ಕುಳಿತಿತು.

ಪಂದ್ಯ ಮುಗಿದ ಮೇಲೆ ಹಿಲ್ಡಾ ನನ್ನ ಕೈ ಹಿಡಿದು ನೋಡಿದಳು. "ಇದೆಂತ ಮಾರಾಯ್ತಿ! ಈಗ ತಾನೆ ನೀರಿನಿಂದ ತೆಗೆದ ಬಂಗುಡೆ ಹಾಗೆ ಉಂಟಲ್ಲ ನಿನ್ನ ಕೈ?"

ಲಲಿತಾ ಮೇಡಂ ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು. "ಮಣಿಪಾಲದ ಟೂರ್ನಮೆಂಟಿನವರೆಗೆ ನೋಡುವ ಜಲಜ. ಅಲ್ಲಿಯೂ ಹೀಗೇ ಆದರೆ ಬೇರೆಯವರನ್ನು ಹಾಕ್ತೇನೆ, ಬೇಜಾರು ಮಾಡ್ಬೇಡ" ಎಂದರು. ನನಗೆ ಅದು ತಂಡದ ಪ್ರಶ್ನೆ ಮಾತ್ರ ಆಗಿರಲಿಲ್ಲ. ಆ ವರ್ಷ ಮನೆಯಲ್ಲಿ ನನ್ನ ಮದುವೆಯ ಮಾತು ಶುರುವಾಗಿತ್ತು. ಹೆಜಮಾಡಿಯಿಂದ ಒಂದು ಸಂಬಂಧ ಬಂದಿತ್ತು. ಅಪ್ಪ ಅದನ್ನು ತಡೆದದ್ದು ಒಂದೇ ಮಾತಿನಿಂದ: "ಆಡ್ತಾ ಇದ್ದಾಳಲ್ಲ, ಆಡಲಿ. ಆಟದವರಿಗೆ ಬ್ಯಾಂಕಿನಲ್ಲಿ ಕೆಲಸ ಸಿಗ್ತದಂತೆ." ಆಟ ನಿಂತರೆ ಅಪ್ಪನ ಆ ಮಾತೂ ನಿಲ್ಲುತ್ತದೆ, ಸಂಬಂಧ ಮತ್ತೆ ಬಾಗಿಲಿಗೆ ಬರುತ್ತದೆ. ಅಪ್ಪನಿಗೆ ನನ್ನ ಆಟದ ಬಗ್ಗೆ ಗೊತ್ತಿದ್ದದ್ದು ಅಷ್ಟೇ, ನಾನು ಆಡುತ್ತೇನೆ ಎಂಬುದು. ಬಾಲು ಕಾಲಬುಡದಲ್ಲಿ ಕುಳಿತ ಕಥೆಯನ್ನು ನಾನು ಹೇಳಿರಲಿಲ್ಲ.

ಮಣಿಪಾಲಕ್ಕೆ ಹೋದೆವು. ಗುಡ್ಡದ ಮೇಲಿನ ಮೈದಾನ, ಸುತ್ತ ಜನ. ನಮ್ಮ ಪುಣ್ಯಕ್ಕೆ ಅಲ್ಲಿ ಮೈಕೂ ಇತ್ತು. ಮೈಕು ಹಿಡಿದವರಿಗೆ ಗಂಟಲು ಭಾರೀ ಚೆನ್ನಾಗಿತ್ತು, ಕಿವಿ ಅಷ್ಟು ಚೆನ್ನಾಗಿರಲಿಲ್ಲ. ಒಬ್ಬೊಬ್ಬರು ಸರ್ವೀಸಿಗೆ ಬಂದಾಗಲೂ ಪಕ್ಕದವರನ್ನು ಕೇಳಿ ಹೆಸರು ಕೂಗುತ್ತಿದ್ದರು. ನಾನು ಮೂಲೆಗೆ ಬಂದು ಅಂಗೈಯನ್ನು ಸೊಂಟಕ್ಕೆ ಉಜ್ಜುತ್ತಿರುವಾಗ ಮೈಕು ಗೊರಗೊರ ಎಂದಿತು. "ಈಗ ಸರ್ವೀಸಿಗೆ ಬಂದಿದ್ದಾರೆ... ಶೈಲಜಾ!"

ನಾನು ಹಿಂದೆ ತಿರುಗಿ ನೋಡಿದೆ. ನಿಜವಾಗಿಯೂ ನೋಡಿದೆ. ಯಾರೋ ಶೈಲಜಾ ಎಂಬವಳು ಬಂದಿದ್ದಾಳೆ, ನನ್ನ ಬದಲು ಅವಳು ಹೊಡೆಯುತ್ತಾಳೆ ಎಂದು ಒಂದು ಕ್ಷಣ ಎಂಥ ಸಮಾಧಾನವಾಯಿತು ಅಂತೀರಿ! ಯಾರೂ ಬಂದಿರಲಿಲ್ಲ. ಆದರೆ ಆ ಸಮಾಧಾನ ಹೋಗುವ ಮೊದಲೇ ರೆಫ್ರಿ ಸೀಟಿ ಊದಿದರು, ನಾನು ಹೊಡೆದೇ ಬಿಟ್ಟೆ. ಬಾಲು ನೇರ ಹೋಗಿ ಕೊನೆಗೆ ಏಡಿಯಂತೆ ಅಡ್ಡ ತಿರುಗಿತು. ಎದುರಿನ ಹುಡುಗಿ ಇದ್ದ ಜಾಗದಲ್ಲೇ ಕುಕ್ಕರಿಸಿದಳು. ಮೈಕಿನವರು ಕುಣಿದಾಡಿದರು. "ಶೈಲಜಾ! ಶೈಲಜಾ!" ನಾನು ಮತ್ತೆ ಹೊಡೆದೆ. ಮತ್ತೆ ಪಾಯಿಂಟು. ಮೇಡಂ ಎದ್ದು ಹೆಸರು ತಿದ್ದಲು ಮೈಕಿನ ಕಡೆ ಹೊರಟವರು ಅರ್ಧ ದಾರಿಯಲ್ಲಿ ನಿಂತು, ಏನೋ ಯೋಚಿಸಿ, ವಾಪಸು ಬಂದು ಕುಳಿತರು.

ಆ ರಾತ್ರಿ ಮಲಗಿಕೊಂಡು ನಾನು ಶೈಲಜಾಳಿಗೆ ಒಂದು ಸಂಸಾರ ಕಟ್ಟಿದೆ. ಹೆಸರೇ ಶೈಲಜಾ, ಆದ್ದರಿಂದ ಬಂಡೆಗಳಿರುವ ಊರಿನವಳಾಗಬೇಕು. ಹೈಸ್ಕೂಲಿನಿಂದ ಒಮ್ಮೆ ಕಾರ್ಕಳಕ್ಕೆ ಕರೆದುಕೊಂಡು ಹೋಗಿದ್ದರು. ಕಪ್ಪು ಬಂಡೆಯ ಗುಡ್ಡ ಹತ್ತಿದಾಗ, ಇದು ಅಲುಗಾಡುವುದೇ ಇಲ್ಲವಲ್ಲ ಎಂದು ಆಶ್ಚರ್ಯಪಟ್ಟದ್ದು ನೆನಪಿತ್ತು. ಸರಿ, ಶೈಲಜಾ ಕಾರ್ಕಳದವಳಾದಳು. ಅವಳಿಗೆ ಒಬ್ಬ ಅಪ್ಪ ಬೇಕಲ್ಲ. ಆತ ಕಚೇರಿಯಲ್ಲಿ ಗುಮಾಸ್ತ. ಸಂಜೆ ಕಚೇರಿ ಬಿಟ್ಟರೆ ಕೊಡೆ ಹಿಡಿದುಕೊಂಡು ನೆಟ್ಟಗೆ ಮನೆಗೆ ಬರುವವರು. ದಿನಾ ಬರುವವರು. ಗಾಳಿ ಬರಲಿ ಮಳೆ ಬರಲಿ, ಕೊಡೆ ಮಡಚಿ ಗೋಡೆಗೆ ಒರಗಿಸಿ, "ಕಾಫಿ ಉಂಟಾ?" ಎಂದು ಕೇಳುವವರು. ಅವಳ ಅಮ್ಮ ಆಕಾಶ ನೋಡುವುದು ಹಪ್ಪಳ ಒಣಗಿಸುವಾಗ ಮಾತ್ರ. ಇಂಥ ಮನೆಯ ಹುಡುಗಿಯ ಅಂಗೈ ಯಾಕೆ ಬೆವರುತ್ತದೆ?

ಹಿಲ್ಡಾಳಿಗೆ ಮಾತ್ರ ಹೇಳಿದೆ. ಅವಳು ಹೊಟ್ಟೆ ಹಿಡಿದು ನಕ್ಕಳು. ನಕ್ಕು ಮುಗಿದ ಮೇಲೆ ಗಂಭೀರವಾಗಿ, "ನಗುವ ವಿಷಯ ಅಲ್ಲ ಅಲ್ವಾ? ಕೆಲಸ ಆಗ್ತದಲ್ಲ, ಅಷ್ಟು ಸಾಕು" ಎಂದಳು. ಅಂದಿನಿಂದ ನಾನು ಮೂಲೆಗೆ ಹೋಗುವಾಗಲೆಲ್ಲ ಎರಡು ಚಪ್ಪಾಳೆ ತಟ್ಟಿ, "ಬಾ ಶೈಲು" ಎನ್ನುತ್ತಿದ್ದಳು. ನಾನು ಅಂಗೈಯನ್ನು ಸೊಂಟಕ್ಕೆ ಒಂದು ಸಲ ಒರೆಸುತ್ತಿದ್ದೆ. ಒರೆಸಿದರೆ ಜಲಜ ಹೋದಳು, ಶೈಲಜಾ ಬಂದಳು ಎಂದು ಲೆಕ್ಕ. ಒಮ್ಮೆ ಎದುರು ತಂಡದ ಹುಡುಗಿಯೊಬ್ಬಳು ಪಂದ್ಯವಾದ ಮೇಲೆ ಬಂದು, "ನಿಮ್ಮ ಮನೆ ಎಲ್ಲಿ?" ಎಂದು ಕೇಳಿದಳು. ಬಾಯಿ ತನ್ನಷ್ಟಕ್ಕೆ "ಕಾರ್ಕಳ" ಎಂದಿತು. ಅವಳು, "ಹೌದಾ! ನಮ್ಮ ದೊಡ್ಡಮ್ಮನ ಮನೆಯೂ ಅಲ್ಲೇ. ಕಾರ್ಕಳದಲ್ಲಿ ಎಲ್ಲಿ?" ಎಂದಳು. ನಾನು, "ಬಂಡೆಯ ಹತ್ತಿರ" ಎಂದೆ. ಕಾರ್ಕಳದಲ್ಲಿ ಬಂಡೆಯ ಹತ್ತಿರ ಇಲ್ಲದ ಮನೆ ಯಾವುದಿದೆಯೋ ಆ ದೇವರೇ ಬಲ್ಲ. ಹಿಲ್ಡಾ ನನ್ನನ್ನು ಎಳೆದುಕೊಂಡು ಹೋಗದಿದ್ದರೆ ಆ ದೊಡ್ಡಮ್ಮನಿಗೂ ನನಗೂ ಏನಾದರೊಂದು ಸಂಬಂಧ ಬೆಳೆಯುತ್ತಿತ್ತು.

ಹೀಗೆ ಆಡುತ್ತಾ ಆಡುತ್ತಾ ನಾವು ಆ ವರ್ಷದ ಅಂತರ ಕಾಲೇಜು ಟೂರ್ನಮೆಂಟಿನ ಫೈನಲಿಗೆ ಬಂದೆವು. ಫೈನಲ್ ಕಾರ್ಕಳದಲ್ಲಿ. ವಿಶ್ವವಿದ್ಯಾಲಯದ ತಂಡಕ್ಕೆ ಹುಡುಗಿಯರನ್ನು ಆರಿಸುವವರು ಅಲ್ಲಿಗೆ ಬರುತ್ತಾರೆ, ಬ್ಯಾಂಕಿನವರೂ ನೋಡಲು ಬರಬಹುದು ಎಂದು ಮೇಡಂ ಹೇಳಿದ್ದರು.

ಹಿಂದಿನ ದಿನ ಸಂಜೆ ಅಪ್ಪನ ಬೋಟು ಬರಬೇಕಿತ್ತು, ಬರಲಿಲ್ಲ. ಮಧ್ಯಾಹ್ನದಿಂದಲೇ ಗಾಳಿ ಎದ್ದಿತ್ತು. ಜೊತೆಗೆ ಹೋದ ಬೋಟುಗಳು ಮಲ್ಪೆಗೆ ಬಂದು ಮುಟ್ಟಿದ್ದವು, ಅಪ್ಪನದೊಂದೇ ಇಲ್ಲ. ಅಣ್ಣ ಸುದ್ದಿ ತಿಳಿಯಲು ಮಲ್ಪೆಗೆ ಹೋದವನು ಅಲ್ಲೇ ಉಳಿದಿದ್ದ. ಅಮ್ಮ ಎಂದಿನಂತೆ ಅಪ್ಪನ ಪಾಲಿನ ಅನ್ನವನ್ನೂ ಬೇಯಿಸಿದ್ದಳು. ಬೆಳಿಗ್ಗೆ ಅದನ್ನೇ ಗಂಜಿ ಮಾಡಿ ನನ್ನ ಮುಂದಿಟ್ಟಳು.

"ನಾನು ಹೋಗುವುದಿಲ್ಲ ಅಮ್ಮ" ಎಂದೆ.

"ಯಾಕೆ?"

"ಅಪ್ಪ ಬಾರದೆ ನಾನು ಹೇಗೆ ಹೋಗುವುದು?"

ಅಮ್ಮ ಒಲೆಯ ಬೂದಿ ಕೆದಕುತ್ತಾ ನನ್ನ ಕಡೆ ತಿರುಗದೆ ಹೇಳಿದಳು. "ಇಲ್ಲಿ ಕೂತು ನೀನು ಎಂತ ಮಾಡ್ತಿ ಮಗಾ? ಕಡಲಿಗೆ ಹಾರಿ ಹುಡುಕ್ತೀಯಾ? ಹೆದರುವ ಕೆಲಸಕ್ಕೆ ನಾನೊಬ್ಬಳು ಸಾಕು. ನಿನ್ನ ಕೆಲಸಕ್ಕೆ ನೀನು ಹೋಗು. ಅವರು ಬಂದು, ಹುಡುಗಿ ಆಟಕ್ಕೆ ಹೋಗಿಲ್ವಾ ಅಂತ ಕೇಳಿದರೆ ನಾನು ಎಂತ ಹೇಳಲಿ?"

ಈ ಮಾತು ನಮ್ಮ ತುಳುವಿನಲ್ಲಿ ಇನ್ನೂ ಸಣ್ಣದು, ಇನ್ನೂ ಗಟ್ಟಿ. ಗಂಜಿ ಕುಡಿದೆ. ಹೊರಟೆ.

ಉಡುಪಿಯಿಂದ ಕಾರ್ಕಳದವರೆಗೆ ಬಸ್ಸಿನಲ್ಲಿ ತಂಡದವರೆಲ್ಲ ಹಾಡುತ್ತಿದ್ದರು. ನಾನು ಕಿಟಕಿಯ ಹತ್ತಿರ ಕುಳಿತು, ಮರಗಳ ತುದಿ ಯಾವ ಕಡೆ ಬಾಗುತ್ತಿದೆ ಎಂದು ನೋಡುತ್ತಿದ್ದೆ. ಬೋಟಿನ ವಿಷಯ ಯಾರಿಗೂ ಹೇಳಲಿಲ್ಲ. ಹೇಳಿದರೆ ಮೇಡಂ ನನ್ನನ್ನು ಇಳಿಸಿ ಮನೆಗೆ ಕಳಿಸುತ್ತಿದ್ದರು. ಅದಕ್ಕಿಂತ ಹೆಚ್ಚಾಗಿ, ಹೇಳಿದರೆ ನಾನು ಜಲಜಳಾಗಿಬಿಡುತ್ತಿದ್ದೆ. ಆ ದಿನ ಬಸ್ಸು ಹತ್ತಿದಾಗಲೇ ಶೈಲಜಾಳನ್ನು ಕರೆದಿದ್ದೆ. ಸಾಮಾನ್ಯವಾಗಿ ಸರ್ವೀಸಿನ ಹೊತ್ತಿಗೆ ಮಾತ್ರ ಬಂದು ಹೋಗುವವಳು ಇಡೀ ದಿನ ಉಳಿಯಬೇಕಾಗಿತ್ತು. ಅವಳ ಅಪ್ಪ ಇಷ್ಟು ಹೊತ್ತಿಗೆ ಕಚೇರಿಯಲ್ಲಿ ಫ್ಯಾನಿನ ಕೆಳಗೆ ಕುಳಿತಿದ್ದಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಬೆಳ್ಮಣ್ಣು ದಾಟುವವರೆಗೂ ಹೇಳಿಕೊಳ್ಳುತ್ತಲೇ ಇದ್ದೆ.

ಮೊದಲ ಗೇಮು ಗೆದ್ದೆವು. ಶೈಲಜಾ ಆಡಿದ ಆಟದಲ್ಲೆಲ್ಲ ಅದೇ ಒಳ್ಳೆಯದು. ಮೈಕಿನಲ್ಲಿ ಈ ಸಲ ಹೆಸರು ಸರಿಯಾಗಿ ಕೂಗಿದರು, ನಾನು ಕೇಳಿಸಿಕೊಳ್ಳಲಿಲ್ಲ. ಎರಡನೆಯದು ಎದುರಿನವರಿಗೆ ಹೋಯಿತು. ಮೂರನೆಯದು ಹಗ್ಗ ಜಗ್ಗಾಟದ ಹಾಗೆ, ಒಂದು ಪಾಯಿಂಟು ಅವರಿಗೆ, ಒಂದು ನಮಗೆ. ಹೊತ್ತು ಇಳಿಯುತ್ತಿತ್ತು. ನಾನು ಮತ್ತೆ ಮೂಲೆಯ ಕಡೆ ಸರಿದು ಬಂದಿದ್ದೆ. ಹಿಲ್ಡಾ ಎರಡು ಚಪ್ಪಾಳೆ ತಟ್ಟಿದಳು.

ಬಾಲು ಹೆಕ್ಕಿಕೊಳ್ಳಲು ಬಗ್ಗಿದವಳು ತಲೆ ಎತ್ತಿದೆ. ಮೈದಾನದ ಬೇಲಿಯ ಆಚೆ ರಸ್ತೆ. ಕಚೇರಿ ಬಿಟ್ಟಿತ್ತು. ಒಬ್ಬೊಬ್ಬರೇ ಮನೆಗೆ ಹೋಗುತ್ತಿದ್ದರು. ಬಿಳಿ ಷರಟು, ಕಂಕುಳಲ್ಲಿ ಕೊಡೆ, ಕೈಯಲ್ಲಿ ತರಕಾರಿಯ ಚೀಲ. ಒಬ್ಬರು ಬೇಲಿಯ ಹತ್ತಿರ ನಿಂತು ಆಟವನ್ನು ಸ್ವಲ್ಪ ನೋಡಿ, ಗಡಿಯಾರ ನೋಡಿಕೊಂಡು, ನಡೆದರು. ನಾನು ಮಲಗಿಕೊಂಡು ಕಟ್ಟಿದ್ದ ಗುಮಾಸ್ತ ಮೈ ತಳೆದು ಬಂದ ಹಾಗಿತ್ತು. ಓ, ಶೈಲಜಾಳ ಅಪ್ಪ ಮನೆಗೆ ಹೋಗುತ್ತಿದ್ದಾರೆ.

ನನ್ನ ಅಪ್ಪ?

ಅಲ್ಲಿಯವರೆಗೆ ಹೊಳೆಯದ ಒಂದು ಯೋಚನೆ ಆಗ ತಲೆಗೆ ಹೊಕ್ಕಿತು. ಅಪ್ಪ ನಡುನೀರಿನಲ್ಲಿ ಎಲ್ಲಿದ್ದಾರೋ ಗೊತ್ತಿಲ್ಲ. ನಾನು ಬೆಳಿಗ್ಗೆಯಿಂದ, ನನ್ನ ಅಪ್ಪ ಅವರಲ್ಲ, ಬೇರೆಯವರು, ಕೊಡೆ ಹಿಡಿದವರು ಎಂದು ಹೇಳಿಕೊಳ್ಳುತ್ತಾ ಕೂತಿದ್ದೇನೆ. ದೇವರು ಕೇಳಿಸಿಕೊಂಡಿದ್ದರೆ? ಹೌದಾ, ಇವಳಿಗೆ ಈ ಅಪ್ಪ ಬೇಡವಂತೆ, ಎಂದುಕೊಂಡುಬಿಟ್ಟರೆ? ಈಗ ಬರೆಯುವಾಗ ಇದು ಹುಡುಗಾಟದ ಮಾತಿನಂತೆ ಕಾಣುತ್ತದೆ. ಅಲ್ಲಿ ನಿಂತಾಗ ಹಾಗೆ ಕಾಣಲಿಲ್ಲ.

"ಬಾ ಶೈಲು!" ಹಿಲ್ಡಾ ಮತ್ತೆ ಕೂಗಿದಳು.

"ಹಾಗೆ ಕರೀಬೇಡ ಹಿಲ್ಡಾ."

"ಎಂತ?"

"ಶೈಲು ಅಲ್ಲ. ನಾನು ಜಲಜ."

"ಎಂತಾಯ್ತು ಮಾರಾಯ್ತಿ ನಿನಗೆ? ಈಗ ಇದೆಲ್ಲ..."

"ಅಪ್ಪನ ಬೋಟು ಬಂದಿಲ್ಲ. ನಿನ್ನೆಯಿಂದ."

ಹಿಲ್ಡಾ ನನ್ನ ಕಡೆ ಒಂದು ಹೆಜ್ಜೆ ಇಟ್ಟಳು. ಅವಳು ಬಾಯಿ ತೆರೆದಳು, ಅಷ್ಟರಲ್ಲಿ ಸೀಟಿ. ಸೀಟಿಯಾದ ಮೇಲೆ ಹೊಡೆಯಲೇಬೇಕು. ನನ್ನ ಅಂಗೈಯಿಂದ ನೀರು ಇಳಿಯುತ್ತಿತ್ತು, ಒರೆಸಲಿಲ್ಲ. ಒರೆಸಿದರೆ ಶೈಲಜಾ ಬರುತ್ತಾಳೆ. ನಾನು ಕಾಪುವಿನ ಜಲಜ, ಅಪ್ಪ ಮಲ್ಪೆಯ ಬೋಟಿನವರು, ಅವರು ಇನ್ನೂ ಬರಬೇಕು, ಎಂದು ಮನಸ್ಸಿನಲ್ಲೇ ಒಂದೊಂದಾಗಿ ಹೇಳಿ, ಒದ್ದೆ ಕೈಯಿಂದಲೇ ಬೀಸಿದೆ.

ಹೆದರಿದ ಕೈಯ ಆ ಸರ್ವೀಸ್ ಎಲ್ಲಿಗೆ ಹೋಯಿತು ಎಂದು ಹೇಳಬೇಕಲ್ಲ. ಬಾಲು ಜಾರಿದ ರಭಸಕ್ಕೆ ಗಾಳಿಯಲ್ಲಿ ಓಲಾಡುತ್ತಾ ಹೋಯಿತು. ಹೊರಗೆ ಬೀಳುತ್ತದೆಂದು ಎದುರಿನವರು ಬಿಟ್ಟರು. ಅದು ಗೆರೆಯ ಒಳಗೆ ಬಿತ್ತು. ಇನ್ನೊಂದು ಹೊಡೆದೆ, ಅದೂ ಹಾಗೆಯೇ. ಮೂರನೆಯದು ಬಲೆಗೆ ಬಡಿಯಿತು. ಯಾರೂ ಬೈಯಲಿಲ್ಲ. ಹಿಲ್ಡಾ ನನ್ನ ಹತ್ತಿರ ಬಂದು ಕೈ ಒತ್ತಿದಳು. "ಸಾಕು ಜಲಜ. ಹೊಡೆದಿಯಲ್ಲ, ಸಾಕು" ಎಂದಳು. ಅವಳು ಆ ಹೆಸರಿನಿಂದ ಕರೆದದ್ದು ಎಷ್ಟೋ ದಿನಗಳ ಮೇಲೆ. ಅದಾದ ಮೇಲೆ ಎದುರಿನವರು ಬಿಡದೆ ಹೊಡೆದರು. ನಾವು ಸ್ವಲ್ಪದರಲ್ಲಿ ಸೋತೆವು.

ವಿಷಯ ತಿಳಿದ ಮೇಲೆ ಲಲಿತಾ ಮೇಡಂ ಕಣ್ಣಲ್ಲಿ ನೀರು ತಂದುಕೊಂಡು ಬೈದರು. "ಮೊದಲೇ ಹೇಳ್ಬಾರ್ದಾ ನಿನಗೆ? ಹೇಳಿದ್ದರೆ ನಿನ್ನನ್ನು ಕರ್ಕೊಂಡೇ ಬರ್ತಿರ್ಲಿಲ್ಲ ನಾನು." ಅದಕ್ಕೇ ಹೇಳಲಿಲ್ಲ ಮೇಡಂ ಎಂದು ಹೇಳುವ ಧೈರ್ಯ ಜಲಜಳಿಗೆ ಇರಲಿಲ್ಲ. ಬಹುಮಾನದ ಸಭೆಗೆ ನಿಲ್ಲಿಸದೆ ಹಿಲ್ಡಾಳನ್ನು ಜೊತೆ ಮಾಡಿ ನನ್ನನ್ನು ಉಡುಪಿಯ ಬಸ್ಸಿಗೆ ಹತ್ತಿಸಿದರು.

ಮಾತು ಇಲ್ಲಿಗೆ ಬಂದಾಗ ನೀವು, ಕೆಲಸ ಸಿಕ್ಕಿತಾ, ಮದುವೆ ಆಯಿತಾ ಎಂದು ಕೇಳುತ್ತೀರಿ, ಅದನ್ನು ಈಗಲೇ ಹೇಳಿ ಮುಗಿಸುತ್ತೇನೆ. ಆ ವರ್ಷ ನನ್ನನ್ನು ಯಾರೂ ಆರಿಸಲಿಲ್ಲ. ಮರುವರ್ಷ ಆರಿಸಿದರು. ಎಂಬತ್ತರ ದಶಕದ ಮೊದಲಿಗೆ ಮಣಿಪಾಲದಲ್ಲಿ ಒಂದು ಬ್ಯಾಂಕಿನ ಕೆಲಸವೂ ಸಿಕ್ಕಿತು. ಮದುವೆಯೂ ಆಯಿತು, ಹೆಜಮಾಡಿಯವರ ಜೊತೆಗಲ್ಲ. ಶೈಲಜಾಳನ್ನು ಮತ್ತೆ ಕರೆಯಲಿಲ್ಲವೇ ಎಂದರೆ, ಕರೆದೆ. ಅವಳಿಲ್ಲದೆ ನನಗೆ ಆಗುವುದಿಲ್ಲ. ಬ್ಯಾಂಕಿನ ಇಂಟರ್‌ವ್ಯೂಗೆ ಒಳಗೆ ಹೋದವಳು ಅವಳೇ, ಮಾತಾಡಿದವಳೂ ಅವಳೇ. ಆದರೆ ಬಾಗಿಲ ಹೊರಗೆ ಅವಳಿಗೆ ಒಂದು ಷರತ್ತು ಹಾಕಿದ್ದೆ. ಅಪ್ಪನ ಹೆಸರು, ಅಪ್ಪನ ಕೆಲಸ ಕೇಳಿದರೆ ನೀನು ಬಾಯಿ ಮುಚ್ಚಿಕೊಂಡು ಇರಬೇಕು, ಅದನ್ನು ನಾನು ಹೇಳುತ್ತೇನೆ ಎಂದು. ಆ ಪ್ರಶ್ನೆ ಬ್ಯಾಂಕಿನವರು ಕೇಳಿದರು. ನನ್ನ ಸ್ವರ ಸ್ವಲ್ಪ ನಡುಗಿತು. ಪರವಾಗಿಲ್ಲ.

ಇನ್ನು ಆ ಬಸ್ಸಿನ ವಿಷಯ. ಕಾರ್ಕಳದಿಂದ ಹೊರಟ ಬಸ್ಸು ದಾರಿಯಲ್ಲಿ ಪಂಕ್ಚರ್ ಆಗಿ ಬಹಳ ಹೊತ್ತು ನಿಂತಿತು. ಹಿಲ್ಡಾ ರಸ್ತೆ ಬದಿಯ ಕಲ್ಲಿನ ಮೇಲೆ ಕುಳಿತು ಕೊಂಕಣಿಯಲ್ಲಿ ಮೆಲ್ಲಗೆ ಪ್ರಾರ್ಥನೆ ಹೇಳುತ್ತಿದ್ದಳು, ಟಯರಿಗೋ ನನ್ನ ಅಪ್ಪನಿಗೋ ನಾನು ಕೇಳಲಿಲ್ಲ. ಉಡುಪಿ ಮುಟ್ಟುವಾಗ ಕತ್ತಲಾಗಿತ್ತು. ಅವಳು ಕಾಪುವಿನವರೆಗೂ ಬರುತ್ತೇನೆಂದಳು. ಆಮೇಲೆ ಕಲ್ಯಾಣಪುರಕ್ಕೆ ವಾಪಸು ಹೋಗಲು ಬಸ್ಸು ಸಿಗುವುದಿಲ್ಲವೆಂದು ನಾನೇ ಬೇಡವೆಂದೆ. ಮಂಗಳೂರಿನ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಕತ್ತಲೆಯಲ್ಲಿ ಆಕಾಶ ಕಾಣಲಿಲ್ಲ.

ಕಾಪುವಿನ ಸ್ಟಾಪಿನಲ್ಲಿ ಬಸ್ಸು ನಿಧಾನವಾದಾಗ ಅಂಗಡಿಯೊಂದರ ಬೆಳಕಿನಲ್ಲಿ ಅಮ್ಮ ಕಂಡಳು. ಒಬ್ಬಳೇ ನಿಂತಿದ್ದಳು, ಸೆರಗನ್ನು ಹೆಗಲ ಸುತ್ತ ಬಿಗಿಯಾಗಿ ಹೊದ್ದುಕೊಂಡು. ನನ್ನನ್ನು ಕರೆದುಕೊಂಡು ಹೋಗಲು ಅಮ್ಮ ಒಂದು ದಿನವೂ ರಸ್ತೆಗೆ ಬಂದವಳಲ್ಲ. ಒಳ್ಳೆಯ ಸುದ್ದಿಯನ್ನು ಹೇಳಲು ಯಾರೂ ಇಷ್ಟು ದೂರ ನಡೆದು ಬಂದು ಕತ್ತಲೆಯಲ್ಲಿ ನಿಲ್ಲುವುದಿಲ್ಲ. ನಾನು ಸೀಟು ಬಿಡಲಿಲ್ಲ. "ಕಾಪು, ಕಾಪು, ಬೇಗ ಇಳೀರಿ" ಎಂದು ಕಂಡಕ್ಟರು ಗದರಿದರು. ಹೇಗೋ ಇಳಿದೆ.

ಅಮ್ಮ ಬಂದವಳೇ ನನ್ನ ತೋಳಿಗೆ ಒಂದು ಬಿಗಿದಳು. "ಎಷ್ಟು ಹೊತ್ತು! ಎಲ್ಲಿ ಹೋಗಿದ್ದಿ ನೀನು? ನಾಲ್ಕು ಬಸ್ಸು ಹೋಯ್ತು, ಒಂದರಲ್ಲೂ ನೀನಿಲ್ಲ."

"ಅಪ್ಪ?"

"ಅವರಿಗೆಂತ? ಮಧ್ಯಾಹ್ನವೇ ಬಂದ್ರು. ಇಂಜಿನ್ ಹಾಳಾಗಿ ಇಡೀ ರಾತ್ರಿ ತೇಲಿದ್ರಂತೆ. ಬೆಳಿಗ್ಗೆ ಬೇರೆ ಬೋಟಿನವರು ಹಗ್ಗ ಕಟ್ಟಿ ಹೆಜಮಾಡಿಗೆ ಎಳೆದು ತಂದ್ರಂತೆ. ಊಟ ಮಾಡಿ ಮಲಗಿದವರು ಇನ್ನೂ ಎದ್ದಿಲ್ಲ. ನೀನು... ನೀನು ಮಾತ್ರ..."

ಅಮ್ಮ ಬಾಗಿಲು ಹಾಕಿದ ಪಕ್ಕದ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕುಳಿತು ಅಳತೊಡಗಿದಳು. ಸಣ್ಣ ಅಳುವಲ್ಲ, ಹೆಗಲು ಕುಲುಕುವಂಥ ಅಳು. ಅಪ್ಪ ಬಾರದ ರಾತ್ರಿ ಅಳದವಳು, ಬೆಳಿಗ್ಗೆ ನನಗೆ ಗಂಜಿ ಬಡಿಸಿ ಕಳಿಸಿದವಳು, ಅಪ್ಪ ಬಂದು ಸುಖವಾಗಿ ಗೊರಕೆ ಹೊಡೆಯುತ್ತಿರುವಾಗ ಒಂದು ಬಸ್ಸಿನ ಪಂಕ್ಚರಿಗೆ ಹೀಗೆ ಅಳುತ್ತಿದ್ದಳು. ನಾನು ಪಕ್ಕದಲ್ಲಿ ಕುಳಿತೆ.

ಅಳು ಇಳಿದ ಮೇಲೆ ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

"ಗೆದ್ದಿರಾ?"

"ಇಲ್ಲ."

"ಹೆದರಿಕೆ ಆಯ್ತಾ ನಿನಗೆ?"

"ಹೂಂ. ತುಂಬಾ."

"ನನಗೂ" ಎಂದಳು ಅಮ್ಮ.

ಆಮೇಲೆ ನನ್ನ ಚೀಲವನ್ನು ತಾನೇ ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ನನ್ನ ಮಣಿಕಟ್ಟನ್ನು ಹಿಡಿದುಕೊಂಡಳು. ಮನೆ ಮುಟ್ಟುವವರೆಗೂ ಬಿಡಲಿಲ್ಲ.